ಬಕೆಟ್ಟಿನಲ್ಲಿ ಮರೆತ ಕಡ್ಡಿ

ಮಂಗಳವಾರ, ಏಪ್ರಿಲ್ ೯

"ಈ ವಾರ ಅರ್ಧಕ್ಕರ್ಧ ನೀರು ಉಳಿಸಿದ್ದೀರಿ, ಶಭಾಷ್!" ಅಂತ ಮೊಬೈಲ್ ಹೊಗಳಿದೆ. ಎತ್ತಿ ಗೋಡೆಗೆ ಬಡಿಯೋಣ ಅನ್ನಿಸಿತು. ಉಳಿಯದೆ ಏನು? ಬದನೆ ಸಸಿಗಳಿಗೆ ಐದು ದಿನದಿಂದ ಒಂದು ಹನಿ ಬಿದ್ದಿಲ್ಲ.

ತಪ್ಪು ತಾನಾಗೇ ನೀರು ಬಿಡುವ ಯಂತ್ರದ್ದಲ್ಲ, ನನ್ನದು. ಮಣ್ಣಿನ ತೇವ ಅಳೆಯುವ ಕಡ್ಡಿಗೆ ಕೆಸರು ಮೆತ್ತಿದೆ ಅಂತ ಗುರುವಾರ ಕಿತ್ತು, ತೊಳೆಯೋಕೆ ಬಕೆಟ್ ನೀರಿಗೆ ಹಾಕಿದೆ. ಯಾರದೋ ಫೋನ್ ಬಂತು, ಮರೆತೇಬಿಟ್ಟೆ. ಕಡ್ಡಿ ಅಲ್ಲೇ ಕೂತು "ಒದ್ದೆ ಇದೆ, ಒದ್ದೆ ಇದೆ" ಅಂತಿತ್ತು. ಪೈಪು ತೆರೆಯಲೇ ಇಲ್ಲ. ನಾನೂ ಹಸಿರುಮನೆಯೊಳಗೆ ಹೋಗಿ ಸಸಿಗಳನ್ನು ನೋಡಲಿಲ್ಲ, ಮೊಬೈಲಿನ ಹಸಿರು ಚುಕ್ಕಿ ನೋಡಿ ಸುಮ್ಮನಿದ್ದೆ.

ಅತ್ತೆ ದಿನಾ ಹಸಿರುಮನೆಗೆ ಹೋಗಿ ಮಣ್ಣಿಗೆ ಬೆರಳು ಚುಚ್ಚಿ ನೋಡೋರು. "ಸುಮ್ಮನೆ ಬಾಗಿಲು ತೆಗೀಬೇಡಿ ಅತ್ತೆ, ಒಳಗಿನ ತಂಪು ಹೋಗುತ್ತೆ" ಅಂತ ಹೋದ ವಾರ ತಡೆದವಳು ನಾನೇ. ಆಮೇಲೆ ಅವರು ಆ ಕಡೆ ಕಾಲಿಟ್ಟಿಲ್ಲ.

ಇವತ್ತು ಕಡ್ಡಿಯನ್ನು ಬಕೆಟ್ಟಿಂದ ತೆಗೆದು, ಮಗುವಿನ ಮೈ ಒರೆಸಿದ ಹಾಗೆ ಒರೆಸಿದರು. "ಪಾಪ, ಇದೇನು ಸುಳ್ಳು ಹೇಳಿಲ್ಲ. ಇಟ್ಟ ಜಾಗದ್ದು ಹೇಳಿದೆ, ಅಷ್ಟೇ." ಬೈದಿದ್ದರೆ ಬದುಕುತ್ತಿದ್ದೆ.

ಮೂವತ್ತು ವರ್ಷ ಅವರು ಬೆಳೆದು, ಒಣಗಿಸಿ, ಎತ್ತಿಟ್ಟುಕೊಂಡು ಬಂದ ಬದನೆ ಬೀಜ. ಬೇರೆಲ್ಲೂ ಇಲ್ಲದ ತಳಿ. ಒಂದು ಚಿಟಿಕೆ ಡಬ್ಬಿಯಲ್ಲೇ ಇರಲಿ ಅಂದಿದ್ದರು. "ಇಟ್ಟು ಏನು ಮಾಡ್ತೀರಿ, ಎಲ್ಲಾ ಬಿತ್ತಿಬಿಡೋಣ, ಯಂತ್ರ ನೋಡಿಕೊಳ್ಳುತ್ತೆ" ಅಂದವಳೂ ನಾನೇ. ಕೈಯಾರೆ ಕೊಂದೆ.

ಸಂಜೆ ಒಂದೊಂದು ಸಸಿಗೂ ಲೋಟದಲ್ಲಿ ನೀರು ಹಾಕಿದೆ. ಒಂದೂ ತಲೆ ಎತ್ತಿಲ್ಲ.

ಈಗ ನೀರು ಕುಡಿಯೋಣ ಅಂತ ಅಡುಗೆಮನೆಗೆ ಹೋದರೆ ಅತ್ತೆ ಕತ್ತಲಲ್ಲೇ ನಿಂತಿದ್ದರು. ಆ ಖಾಲಿ ಡಬ್ಬಿಯನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದರು.