ಹಳೇ ಜಾಲಿ ಬೇಕಂತೆ

ರಾಮನಗರ
೧೯ ಮಾರ್ಚ್ ೨೦೨೫

ಪ್ರೀತಿಯ ತಂಗಿ ಪುಟ್ಟಿಗೆ,

ನಿನ್ನ ಅಕ್ಕ ವರಲಕ್ಷ್ಮಿ ಮಾಡುವ ಆಶೀರ್ವಾದಗಳು. ಶಿವರಾತ್ರಿ ಮುಗಿಯುತ್ತಲೇ ಬರೆಯುತ್ತೇನೆ ಅಂದವಳು ಇಷ್ಟು ತಡ ಮಾಡಿದ್ದಕ್ಕೆ ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ನೀನು ಅರ್ಧಕ್ಕೇ ಬಾಯಿ ಹಾಕಿ ಚಿಕ್ಕರಾಜುವಿನ ಪರ ವಹಿಸುತ್ತೀಯ. ನಾವಿಬ್ಬರೂ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ, ನಿಜ. ಆದರೂ ಈ ಸಲ ಪೂರ್ತಿ ಓದು.

ಅವನು ಸಾವನದುರ್ಗದ ಹತ್ತಿರ ರೆಸಾರ್ಟ್ ಕಟ್ಟಿಸುತ್ತಿರುವುದು ನಿನಗೆ ಗೊತ್ತು. ಅದರ ಊಟದ ಹಾಲಿಗೆ ಒಂದು ಪಕ್ಕ ಪೂರ್ತಿ, ಗಾಳಿಯಾಡುವ ತೂತುಗಳ ಸಿಮೆಂಟ್ ಜಾಲಿ ಬೇಕಂತೆ. ನಾವು ಚಿಕ್ಕವರಿದ್ದಾಗ ಎಷ್ಟೋ ಮನೆಗಳ ವರಾಂಡದಲ್ಲಿ ಇರುತ್ತಿತ್ತಲ್ಲ, ಹೂವಿನದು, ಎಲೆಯದು, ನಕ್ಷತ್ರದ್ದು, ಅದೇ. ಹೊಸದಾಗಿ ಅಚ್ಚು ಹಾಕಿಸೋ ಅಂದೆ.

“ಹೊಸದ್ರಾಗೆ ಆ ಕಳೆ ಬರಾಕಿಲ್ಲಕ್ಕ. ಜನ ಹಳೇದ್ರ ಮುಂದೆ ನಿಂತ್ಕಂಡೇ ಫೋಟೊ ತಗಿಯೋದು. ನೀನೂ ಬಾ, ಹಳೇ ಬೀದಿಗಳು ನಿಂಗೇ ಚೆನ್ನಾಗಿ ಗೊತ್ತು” ಅಂದ.

ನನ್ನಿಂದಲೂ ಅವನಿಗೊಂದು ಉಪಯೋಗವಾಯಿತಲ್ಲ ಎಂದು ಹಿಗ್ಗಿ ಕಾರು ಹತ್ತಿದೆ. ಎರಡನೇ ಮನೆಯ ಹೊತ್ತಿಗೇ ಅರ್ಥವಾಯಿತು. ಗಂಡಸು ಒಬ್ಬನೇ ಬಂದರೆ ಜನ ಬಾಗಿಲು ತೆಗೆಯುವುದಿಲ್ಲ. ಜೊತೆಗೆ ನರೆಗೂದಲ ಹೆಂಗಸೊಬ್ಬಳಿದ್ದರೆ ಒಳಗೆ ಕರೆದು ನೀರು ಕೊಡುತ್ತಾರೆ. ಅಷ್ಟಕ್ಕೇ ನಾನು.

ಕನಕಪುರದ ಹಳೇ ಲಾಡ್ಜೊಂದರ ಮೆಟ್ಟಿಲ ಪಕ್ಕ ಎಂಥ ಚೆಂದದ ನಕ್ಷತ್ರದ ಜಾಲಿ, ಪುಟ್ಟಿ! ಒಂದೊಂದು ತೂತಿನಲ್ಲೂ ಎಲೆಅಡಿಕೆ ಉಗಿದು ಉಗಿದು ಕೆಂಪಗೆ ಗಟ್ಟಿಕಟ್ಟಿತ್ತು. ಇವನು ಅದನ್ನು ಉಗುರಿನಿಂದ ಕೆರೆದು, “ಆಸಿಡ್ ಹಾಕುದ್ರೆ ಹೋಯ್ತದೆ” ಅಂದ. ಕಾರಿಗೆ ಬಂದು ಅದೇ ಕೈಯಲ್ಲಿ ನನಗೆ ಚಕ್ಕುಲಿ ಕೊಟ್ಟ. ಅವನಿಗೆ ಕಾಣದಂತೆ ಕಿಟಕಿಯಿಂದಾಚೆ ಎಸೆದೆ.

ಇಲ್ಲೇ ನಮ್ಮ ರಾಮನಗರದಲ್ಲಿ ಅನಂತರಾಜು ಅಂತ ಒಬ್ಬರು, “ತಗಂಡೋಗಿ ಸಾರ್, ಅದ್ರಲ್ಲಿ ಬರೀ ಸೊಳ್ಳೆ, ಪಾರಿವಾಳದ ಗಲೀಜು. ನಾನು ಗ್ಲಾಸ್ ಹಾಕಿಸ್ತೀನಿ” ಎಂದು ತಾವೇ ಹಾರೆ ತಂದುಕೊಟ್ಟರು. ಅವರ ಅಪ್ಪ ಆಸೆಪಟ್ಟು ಕಟ್ಟಿಸಿದ್ದ ಗೋಡೆಯಂತೆ. ಆಳುಗಳು ಮೀಟಿದಾಗ ಅರ್ಧ ಪುಡಿಯಾಯಿತು. ಉಳಿದದ್ದನ್ನು ಗಾಡಿಗೆ ತುಂಬಿ, ಪುಡಿಯನ್ನು ಪಕ್ಕದ ಮನೆಯವರ ಚರಂಡಿಗೆ ಸುರಿದರು. ಆ ಮನೆಯ ಹೆಂಗಸು ಬಂದು ಶಾಪ ಹಾಕುತ್ತಿದ್ದರೆ ಚಿಕ್ಕರಾಜು, ಅನಂತರಾಜು ಇಬ್ಬರೂ ನಗುತ್ತಿದ್ದರು. ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ. ಆದರೂ ಹೇಸಿಗೆ ಹೋಗಲಿಲ್ಲ.

ಕೊನೆಗೆ ಹೋದದ್ದು ಚನ್ನಪಟ್ಟಣಕ್ಕೆ. ದೊಡ್ಡಲಕ್ಷ್ಮಮ್ಮ ಎಂಬ ಅಜ್ಜಿ ವರಾಂಡದಲ್ಲಿ ಕೂತು ಕಾಕಡ ಹೂವು ಕಟ್ಟುತ್ತಿದ್ದರು. ಎಲೆಯ ಜಾಲಿ, ಒಂದೂ ಮುಕ್ಕಾಗಿರಲಿಲ್ಲ. ಚಿಕ್ಕರಾಜು ಕೇಳಿದ.

“ಕೊಡಾಕಿಲ್ಲ ಕಣಪ್ಪ” ಅಂದರು ಅಜ್ಜಿ. “ಗಾಳಿ ಬತ್ತದೆ, ಬೀದಿ ಕಾಣ್ತದೆ. ನಂಗೆ ಇನ್ನೇನ್ ಬೇಕು?”

ಇವನು ಒತ್ತಾಯ ಮಾಡಲಿಲ್ಲ. ಎದ್ದು ಗೋಡೆಗೆ ಬೆರಳು ಒತ್ತಿದ, ಹಿಂದೆ ಸರಿದು ನೋಡಿದ, ಮುಖ ಸಣ್ಣದು ಮಾಡಿಕೊಂಡ.

“ಅಜ್ಜಿ, ನಾನು ಇಂಜಿನಿಯರು, ಅದಕ್ಕೇ ಯೋಳ್ತೀನಿ. ಪಾಯ ಕುಂತ್ಬುಟ್ಟೈತೆ. ಮುಂದಿನ ಮಳೆಗೆ ಈ ಗೋಡೆ ನಿಲ್ಲಾಕಿಲ್ಲ. ನಿಮ್ಮ ಮ್ಯಾಲೇ ಬೀಳ್ತದೆ. ಈಗ್ಲೇ ಬಿಚ್ಚಿಸ್ಬುಡಿ.”

ಅಜ್ಜಿಯ ಮಡಿಲಿನಿಂದ ಹೂವೆಲ್ಲ ನೆಲಕ್ಕೆ ಜಾರಿತು. ನನ್ನ ಕಡೆ ತಿರುಗಿ, “ದಿಟವೇನವ್ವ?” ಎಂದು ಕೇಳಿದರು.

“ಸುಳ್ಳು ಕಣಜ್ಜಿ” ಅಂದೆ. “ಇವ್ನು ಇಂಜಿನಿಯರೂ ಅಲ್ಲ, ಮಣ್ಣೂ ಅಲ್ಲ. ನನ್ ತಮ್ಮ. ನಿಮ್ಮ ಗೋಡೆಗೆ ಏನೂ ಆಗಿಲ್ಲ. ಯಾರ್ ಬಂದು ಏನಂದ್ರೂ ಕೊಡಬ್ಯಾಡಿ.”

ಆಚೆ ಬಂದ ಮೇಲೆ ಅವನ ಕಣ್ಣು ನೋಡಬೇಕಿತ್ತು ನೀನು. “ಪರಸ್ಥಳದಲ್ಲಿ ನನ್ ಮಾನ ಕಳೆದುಬುಟ್ಟೆ ಅಕ್ಕ! ಒಂದ್ ಮಾತು ಹಂಗಂದ್ರೆ ಏನೋಯ್ತದೆ? ಯಾರಾದ್ರೂ ಸತ್ತೋಯ್ತಾರಾ?” ಎಂದು ಕೂಗಾಡಿ, ನನ್ನನ್ನು ಬೀದಿಯಲ್ಲೇ ಬಿಟ್ಟು ಕಾರು ತೆಗೆದುಕೊಂಡು ಹೋದ. ಅಜ್ಜಿ ಒಳಗೆ ಕರೆದು ಕಾಫಿ ಕೊಟ್ಟರು. ಮುಡಿಗೆ ಒಂದು ತುಂಡು ಹೂವು ಇಟ್ಟು ಕಳಿಸಿದರು. ಬಸ್ಸಿಗೆ ಬಂದೆ.

ನಿನ್ನ ಮಂಡಿನೋವು ಹೇಗಿದೆ? ಬಿಸಿನೀರು ಕಾಸಿ ಹಾಕಿಕೋ, ಸೋಮಾರಿತನ ಮಾಡಬೇಡ. ಯಜಮಾನರಿಗೆ ನಮಸ್ಕಾರ ತಿಳಿಸು. ಮಕ್ಕಳು ತಣ್ಣಗಿರಲಿ, ನಿನ್ನ ಮನೆ ತುಂಬಿರಲಿ.

ನಿನ್ನ ಅಕ್ಕ,
ವರಲಕ್ಷ್ಮಿ

ತಾ.ಕ.: ಸಹಿ ಹಾಕಿದ ಮೇಲೂ ಕಾಗದ ಅಂಟಿಸಲು ಕೈ ಬರಲಿಲ್ಲ. ಬಸ್ಸಿನಲ್ಲಿ ಕೂತಾಗ, ಆ ಮಾತು ಮೊದಲು ಎಲ್ಲಿ ಕೇಳಿದ್ದೆನೆಂದು ಹೊಳೆಯಿತು. ಅವ್ವನನ್ನು ಮಾಗಡಿ ಮನೆಯಿಂದ ಎಬ್ಬಿಸುವಾಗ ಇವನು ಅಂದದ್ದೂ ಅದೇ: ಪಾಯ ಕುಂತ್ಬುಟ್ಟೈತೆ, ಮುಂದಿನ ಮಳೆಗೆ ಗೋಡೆ ನಿಲ್ಲಾಕಿಲ್ಲ. ರಿಪೇರಿ ಆಗುವ ತನಕ ಎಂದು ಹೇಳಿ ತನ್ನ ಮನೆ ಹಿಂದಿನ ತಗಡಿನ ಶೀಟಿನ ರೂಮಿನಲ್ಲಿ ಇಟ್ಟ. ನಾವು ಹೋದಾಗಲೆಲ್ಲ ಅವಳು ಕೇಳುತ್ತಿದ್ದಳಲ್ಲ, “ಗೋಡೆ ಸರಿಯಾಯ್ತಾ ಮಗ? ಯಾವಾಗ ಕರ್ಕಂಡೋಯ್ತೀರಿ?” ಅಂತ. ನೋಡಿಕೊಂಡು ಬರುತ್ತೇವೆ ಅಂದರೆ ಇವನು, “ಬೀಗ ಹಾಕೈತೆ, ಒಳಗೆಲ್ಲ ಧೂಳು” ಅನ್ನುತ್ತಿದ್ದ. ಕೇಳುತ್ತ ಕೇಳುತ್ತಲೇ ಅವ್ವ ಆ ಶೀಟಿನ ಕೆಳಗೆ ಕಣ್ಣು ಮುಚ್ಚಿದಳು.

ಮೊನ್ನೆ ಒಬ್ಬಳೇ ಮಾಗಡಿಗೆ ಹೋಗಿ ಬಂದೆ. ಮನೆಯಲ್ಲಿ ಬಿಸ್ಮಿಲ್ಲಾ ಎಂಬುವರು ಬಟ್ಟೆ ಹೊಲಿಯುತ್ತಾರೆ. “ರಿಪೇರಿನಾ? ಅಮ್ಮ ಖಾಲಿ ಮಾಡಿದ್ ವಾರಕ್ಕೇ ನಮಗೆ ಬಾಡಿಗೆಗೆ ಕೊಟ್ರು ಅಕ್ಕ. ಗೋಡೆಗೆ ಯಾರೂ ಕೈ ಹಚ್ಚಿಲ್ಲ. ಏನಾಗೈತೆ ಅದಕ್ಕೆ?” ಅಂದರು. ಉದ್ದಕ್ಕೂ ಕೈಯಾಡಿಸಿ ನೋಡಿದೆ. ಬಿರುಕು ಎಲ್ಲೂ ಇಲ್ಲ, ಪುಟ್ಟಿ.

ಊಟದ ಹಾಲಿಗೆ ‘ಮುನಿತಾಯಮ್ಮನ ಅಡುಗೆಮನೆ’ ಎಂದು ಅವ್ವನ ಹೆಸರೇ ಇಡುತ್ತಾನಂತೆ. ಪೂಜೆಯ ದಿನ ಹೆಣ್ಣುಮಕ್ಕಳು ನಾವಿಬ್ಬರೂ ದೀಪ ಹಚ್ಚಬೇಕಂತೆ. ನಾನು ಹೋಗುವುದಿಲ್ಲ. ನೀನು ಹೋಗುತ್ತೀಯಾ?