ಮೀಟರ್ ನೋಡಲು ಇನ್ನೊಬ್ಬರು ಬೇಕು

ಯಜಮಾನರಿಗೆ, ನಿಮ್ಮ ಕಾರಿನ ಮೆಕ್ಯಾನಿಕ್ ಮಾಡುವ ನಮಸ್ಕಾರ.

ಇಂದು ಬೆಳಿಗ್ಗೆ ನಿಮ್ಮ ಟರ್ಬೊ ಕಾರನ್ನು ಪೂರ್ತಿ ವೇಗದಲ್ಲಿ ಓಡಿಸಿದರೂ ಪೆಟ್ರೋಲ್ ಒತ್ತಡ ಕುಸಿಯಲಿಲ್ಲ. ಹೊಸ ಪಂಪು, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರುಗಳು ಚೆನ್ನಾಗಿ ಕೆಲಸ ಮಾಡುತ್ತಿವೆ. ಎಂಜಿನ್ ಈಗ ಎಲ್ಲೂ ಮುಗ್ಗರಿಸುತ್ತಿಲ್ಲವೆಂದು ಮೊದಲು ತಿಳಿಸಿದವರು ಕಾರು ಓಡಿಸುತ್ತಿದ್ದ ನಿಮ್ಮ ಮಗಳು.

“ಕಾರು ಸರಿಮಾಡಿ ಒಪ್ಪಿಸೋವರೆಗೂ ನನ್ನ ಮಗಳ ಹತ್ತಿರ ಸುಳೀಬೇಡ. ಆಮೇಲೆ ಮದುವೆ ಮಾತು” ಎಂದಿದ್ದಿರಿ. ನಾನು ಸುಳಿಯಲಿಲ್ಲ. ಶುಕ್ರವಾರ ಒಬ್ಬನೇ ಓಡಿಸುತ್ತಾ, ಮುಂದಿನ ಗಾಜಿಗೆ ಅಂಟಿಸಿದ್ದ ಪೆಟ್ರೋಲ್ ಒತ್ತಡದ ಮೀಟರನ್ನೇ ನೋಡುತ್ತಾ ಹೋಗಿ ಗ್ಯಾರೇಜಿನ ಗೇಟಿಗೆ ಗುದ್ದಿದೆ. ಸುದ್ದಿ ತಿಳಿದು ಬಂದ ನಿಮ್ಮ ಮಗಳು, “ಇಳಿಯಪ್ಪಾ ಕೆಳಗೆ! ನಾನು ಓಡಿಸ್ತೀನಿ, ನೀನು ಮೀಟರ್ ನೋಡು. ನಿನ್ನ ಹೀಗೇ ಬಿಟ್ರೆ ಅಪ್ಪನ ಕಾರೂ ಉಳಿಯಲ್ಲ, ನಮ್ಮ ಮದುವೇನೂ ಆಗಲ್ಲ” ಎಂದರು.

ಹೀಗಾಗಿ ಸುಳಿದವರು ಅವರು, ನಾನಲ್ಲ. ದಾರಿಯುದ್ದಕ್ಕೂ ನಾನು ಮೀಟರ್ ಬಿಟ್ಟು ಬೇರೇನನ್ನೂ ನೋಡಿಲ್ಲ.

ಮುಂದಿನ ಬಂಪರಿನ ಎಡಮೂಲೆಯ ಬಣ್ಣ ಇನ್ನೂ ಹಸಿಯಾಗಿದೆ. ದಯವಿಟ್ಟು ಮುಟ್ಟಿ ನೋಡಬೇಡಿ.

ನಾಳೆ ಬೆಳಿಗ್ಗೆ ಹತ್ತಕ್ಕೆ ಕಾರು ನಿಮ್ಮ ಮನೆಗೆ ಬರುತ್ತದೆ. ಹತ್ತೂಕಾಲಿಗೆ ಮದುವೆ ಮಾತು.

ಇಂತಿ,
ನಿಮ್ಮ ಒಪ್ಪಿಗೆಗೆ ಕಾದಿರುವ
ಮೆಕ್ಯಾನಿಕ್