ಒಣಹಳ್ಳದ ಮೇಲಿನ ವರಾಂಡ

ಜಿಂಜರ್‌ಲ್ಯಾಂಡ್, ನೀವಿಸ್ ದ್ವೀಪ
೧೪ ಜೂನ್ ೧೯೮೭

ಪ್ರೀತಿಯ ಡಿಲಿಸ್,

ಈಸ್ಟರಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಬೇಜಾರಿಲ್ಲ. ಕೂತು ನಾಲ್ಕು ಸಾಲು ಗೀಚೋಣವೆಂದರೆ ಈ ಮನೆಯಲ್ಲಿ ಸಿಮೆಂಟಿನ ಧೂಳಿಲ್ಲದ ಒಂದು ಮೇಜು ಸಿಕ್ಕರೆ ತಾನೆ! ನಿನ್ನ ಮಂಡಿನೋವು ಹೇಗಿದೆ? ಹೊಸ ಪಾದ್ರಿಯ ಉಪದೇಶ ಈಗಲಾದರೂ ಚುಟುಕಾಗಿದೆಯೇ?

ಹ್ಯೂಬರ್ಟ್ ಮತ್ತೆ ಮನೆ ಸರಿಮಾಡಲು ಇಳಿದಿದ್ದಾನೆ. ಮೊದಲು ಗೆದ್ದಲು ತಿಂದ ಅಡುಗೆಮನೆಯ ಕಪಾಟು, ಆಮೇಲೆ ಮಳೆನೀರಿನ ತೊಟ್ಟಿಯ ಬಿರುಕು, ಅದಾದ ಮೇಲೆ ಉಪ್ಪುಗಾಳಿಗೆ ತುಕ್ಕು ಹಿಡಿದ ಕಿಟಕಿಯ ಚಿಲಕಗಳು. ಒಂದನ್ನು ಮುಗಿಸಿ ಈ ಕಡೆ ತಿರುಗುವಷ್ಟರಲ್ಲಿ ಇನ್ನೊಂದು ಬಾಯಿ ತೆರೆದಿರುತ್ತದೆ. ಅಲ್ಲಿ ಸ್ವಾನ್ಸೀ ಬಂದರಿನ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದಕ್ಕೆ ಮುದ್ರೆ ಒತ್ತಿದವನು ಈಗ ಗೋಡೆಯ ಮಟ್ಟ ನೋಡುವ ರಸಮಟ್ಟ ಕೈಯಲ್ಲಿ ಹಿಡಿದು ಓಡಾಡುತ್ತಾನೆ. ಸುಖವಾಗಿದ್ದಾನೆ, ಅದನ್ನು ಒಪ್ಪಲೇಬೇಕು.

ಈ ಸಲದ್ದು ದೊಡ್ಡ ಕೆಲಸ. ಸಮುದ್ರದ ಕಡೆ ಮುಖ ಮಾಡಿದ ಅಗಲವಾದ ವರಾಂಡ. ಅದಕ್ಕೆ ಜಾಗ ಸಾಲದು, ಏಕೆಂದರೆ ನಮ್ಮ ಅಂಗಳವನ್ನು ಒಂದು ಒಣಹಳ್ಳ ಸೀಳಿಕೊಂಡು ಹೋಗುತ್ತದೆ. ಇಲ್ಲಿಯವರು ಅದಕ್ಕೆ ಘಾಟ್ ಎನ್ನುತ್ತಾರೆ. ಬೆಟ್ಟದ ನೆತ್ತಿಯಿಂದ ಹೊರಟು, ನಮ್ಮ ಅಂಗಳ ದಾಟಿ, ಕೆಳಗೆ ಮಿಸ್ ಆರ್ಡೆಲ್ಲಾಳ ಹಲಗೆ ಮನೆಯ ಮಗ್ಗುಲಲ್ಲೇ ಸಮುದ್ರಕ್ಕೆ ಇಳಿಯುತ್ತದೆ. ನಾವು ಬಂದು ಮೂರು ವರ್ಷವಾಯಿತು, ಅದರಲ್ಲಿ ಪಾದ ಮುಳುಗುವಷ್ಟು ನೀರು ಹರಿದದ್ದನ್ನೂ ಕಂಡಿಲ್ಲ. ಅಂಗಳದ ಮೇಲ್ತುದಿಯಲ್ಲಿ ಹಳ್ಳಕ್ಕೆ ಅಡ್ಡವಾಗಿ ಗೋಡೆ ಎಬ್ಬಿಸಿ, ಅದರ ಕೆಳಮಗ್ಗುಲಿಗೆ ಮಣ್ಣು ತುಂಬಿ, ಮಟ್ಟ ಮಾಡಿ ವರಾಂಡ ಕಟ್ಟುವುದು ಹ್ಯೂಬರ್ಟನ ಯೋಜನೆ. ಹಳ್ಳದಲ್ಲಿ ಬಿದ್ದಿರುವ ಕಲ್ಲುಗಳೇ ಗೋಡೆಗೆ ಸಾಕು, ಒಂದನ್ನೂ ಹೊರಗಿನಿಂದ ತರಬೇಕಿಲ್ಲವೆಂದು ಹಿಗ್ಗುತ್ತಾನೆ.

ಮೇಸ್ತ್ರಿಯ ಹೆಸರು ಆಲ್ಫರ್ಡ್ ಕ್ಲಾಕ್ಸ್ಟನ್. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಮಿಸ್ ಆರ್ಡೆಲ್ಲಾ ಅವನ ಸೋದರತ್ತೆ. ತಾಯಿಯಿಲ್ಲದವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಮೊನ್ನೆ ಅವನಿಗೆ ಊಟ ತಂದವಳು ನನ್ನ ಪಕ್ಕದಲ್ಲಿ ನಿಂತು ಹಳ್ಳವನ್ನು ನೋಡಿದಳು. ಅಲ್ಲೊಂದು ಎಮ್ಮೆಯಷ್ಟು ದಪ್ಪದ ಬಂಡೆಯನ್ನು ನಾಲ್ಕು ಜನ ಹಾರೆ ಹಾಕಿ ಉರುಳಿಸುತ್ತಿದ್ದರು.

"ಮಿಸ್ ನೆಸ್ಟಾ, ಇಷ್ಟು ದೊಡ್ಡ ಕಲ್ಲನ್ನ ಇಲ್ಲಿಗೆ ಯಾರು ಹೊತ್ತು ತಂದ್ರು ಅಂತ ನಿಮ್ಮ ಯಜಮಾನ್ರನ್ನ ಒಂದ್ಸಲ ಕೇಳಿ ನೋಡಿ" ಎಂದಳು.

ನಾನು ಕೇಳಿದೆ. ಹ್ಯೂಬರ್ಟ್ ನಕ್ಕು, ಬೆಟ್ಟ ಜ್ವಾಲಾಮುಖಿಯಾಗಿದ್ದ ಕಾಲದಲ್ಲಿ ಬಂದಿರಬೇಕು ಎಂದ. ಅದನ್ನು ಹೋಗಿ ಹೇಳಿದಾಗ ಆರ್ಡೆಲ್ಲಾ ನಗಲಿಲ್ಲ. ತನ್ನ ಅಪ್ಪನ ಕಾಲದಲ್ಲಿ ಒಂದು ಮಧ್ಯಾಹ್ನ ಬಂದದ್ದು ಎಂದಳು.

ಮನೆಯವರಿಗೆಲ್ಲ ನನ್ನ ನೆನಪು ಹೇಳು.
ನಿನ್ನ ನೆಸ್ಟಾ


೬ ಸೆಪ್ಟೆಂಬರ್ ೧೯೮೭

ಪ್ರೀತಿಯ ಡಿಲಿಸ್,

ಗೋಡೆ ಮುಗಿಯಿತು. ಹ್ಯೂಬರ್ಟನ ತಲೆಗಿಂತ ಎತ್ತರ, ನೋಡಲು ಕೋಟೆಯ ಹಾಗಿದೆ. ಟ್ರಿನಿಡಾಡಿನಿಂದ ಬರಬೇಕಿದ್ದ ಹೆಂಚು ಎರಡು ಸಲ ಹಡಗು ತಪ್ಪಿಸಿಕೊಂಡು ಕೊನೆಗೂ ಬಂತು. ವರಾಂಡದಲ್ಲಿ ಕೂತರೆ ಸಮುದ್ರದ ನಡುವಿನ ರೆಡೊಂಡಾ ಬಂಡೆದ್ವೀಪದವರೆಗೂ ಕಾಣುತ್ತದೆ. ಮೇಲಿನ ಮನೆಯ ಕೆನಡಾದವರು ಬಂದು ನೋಡಿ, ತಮಗೂ ಇಂಥದೇ ಬೇಕು ಎಂದು ಅಳತೆ ತೆಗೆದುಕೊಂಡು ಹೋದರು.

ಆದರೂ ಏನೋ ಸರಿಯಿಲ್ಲ, ಡಿಲಿಸ್. ಕೆಲಸದ ಕೊನೆಯ ವಾರಗಳಲ್ಲಿ ಆಲ್ಫರ್ಡ್ ನಮ್ಮ ಅಡುಗೆಮನೆಯಲ್ಲಿ ಊಟಕ್ಕೆ ಕೂರುವುದನ್ನೇ ಬಿಟ್ಟ. ಗೇಟಿನಾಚೆ ಮರದ ಕೆಳಗೆ ಕೂತು ತಿನ್ನುತ್ತಿದ್ದ. ಮಿಸ್ ಆರ್ಡೆಲ್ಲಾ ಶುಂಠಿ ಪಾನಕದ ಸೀಸೆ ತರುವುದನ್ನು ನಿಲ್ಲಿಸಿದಳು. ಚಾರ್ಲ್ಸ್‌ಟೌನಿನ ಸಂತೆಯಲ್ಲಿ, ನಾನು ಹಿಂದೆಂದೂ ಕಾಣದ ಮುದುಕಿಯೊಬ್ಬಳು ಗೆಣಸು ತೂಗುತ್ತ ನನ್ನ ಮುಖ ನೋಡಿ, "ಘಾಟ್ ಮುಚ್ಚಿದೋರು ನೀವೇನಾ?" ಎಂದು ಕೇಳಿದಳು. ಬೈಗುಳವೇನೂ ಅಲ್ಲ. ಊರು ಯಾವುದು ಎಂದು ಕೇಳುವ ಹಾಗೆ ಕೇಳಿದಳು. ಹೌದು ಎಂದೆ. ಒಂದು ಗೆಣಸು ಹೆಚ್ಚಿಗೆ ಹಾಕಿ ಕೊಟ್ಟಳು. ಆ ಹೆಚ್ಚಿನ ಗೆಣಸು ಯಾಕೋ ನನ್ನನ್ನು ಹೆದರಿಸಿತು.

ಕಳೆದ ವಾರ ಒಂದು ಗಂಟೆ ಮಳೆ ಬಂತು. ನಿಂತ ಮೇಲೆ ಇಬ್ಬರೂ ಮೇಲೆ ಹತ್ತಿ ಹೋಗಿ ನೋಡಿದೆವು. ಗೋಡೆಯ ಹಿಂದೆ ಮೊಣಕಾಲುದ್ದ ಕೆಂಪು ನೀರು ಸದ್ದಿಲ್ಲದೆ ನಿಂತಿತ್ತು. ಹ್ಯೂಬರ್ಟ್ ಗೋಡೆಯನ್ನು ಕುದುರೆಯ ಬೆನ್ನು ತಟ್ಟುವಂತೆ ತಟ್ಟಿ, ನೋಡಿದೆಯಾ, ಒಂದು ಹನಿ ದಾಟಿಲ್ಲ ಎಂದ. ನಾನೂ ಒಂದು ಕಡೆ ಕೈಯಿಟ್ಟೆ. ಕಲ್ಲು ತಣ್ಣಗಿತ್ತು, ಸಂದಿನಲ್ಲಿ ತೇವ ಒಸರುತ್ತಿತ್ತು. ನಾನು ಅದನ್ನು ಅವನಿಗೆ ಹೇಳಲಿಲ್ಲ.

ನಿನ್ನ ನೆಸ್ಟಾ


೨೯ ನವೆಂಬರ್ ೧೯೮೭

ಪ್ರೀತಿಯ ಡಿಲಿಸ್,

ನಿನ್ನ ಎರಡು ಕಾಗದ, ಒಂದು ತಂತಿ ಬಂದಿವೆ. ಉತ್ತರಿಸಲು ಕೈ ಏಳಲಿಲ್ಲ, ಕ್ಷಮಿಸು. ನಾವಿಬ್ಬರೂ ಕ್ಷೇಮ. ಮನೆಯೂ ನಿಂತಿದೆ. ಅಷ್ಟನ್ನು ಮೊದಲು ಹೇಳಿಬಿಟ್ಟರೆ ಉಳಿದದ್ದನ್ನು ನಿಧಾನವಾಗಿ ಹೇಳಬಹುದು.

ನವೆಂಬರ್ ಎಂಟು, ಭಾನುವಾರ. ಹಿಂದಿನ ದಿನದಿಂದಲೇ ಮಳೆ ಹಿಡಿದಿತ್ತು. ಬೆಟ್ಟದ ತಲೆಯೇ ಕಾಣುತ್ತಿರಲಿಲ್ಲ. ನಾವು ಕೊಡೆ ಹಿಡಿದು ಚರ್ಚಿಗೆ ಹೋದೆವು. ಆಲ್ಫರ್ಡ್ ಹಾಡುವವರ ಸಾಲಿನಲ್ಲಿ ನಿಂತಿದ್ದ. ಕಾಲು ಊದಿದ್ದರಿಂದ ಅವನ ಅತ್ತೆ ಬಂದಿರಲಿಲ್ಲ. ಎರಡನೆಯ ಹಾಡಿನ ನಡುವೆ ಲಾರಿಯಿಂದ ಜಲ್ಲಿ ಸುರಿದಂಥ ಸದ್ದು ಕೇಳಿಸಿತು. ಆದರೆ ಅದು ನಿಲ್ಲಲೇ ಇಲ್ಲ. ಹಾಡು ಒಬ್ಬೊಬ್ಬರ ಬಾಯಲ್ಲೇ ಕಡಿದುಹೋಯಿತು. ಎಲ್ಲರಿಗೂ ಗೊತ್ತಾಗಿತ್ತು. ಆಲ್ಫರ್ಡ್ ಪುಸ್ತಕವನ್ನು ಬೆಂಚಿನ ಮೇಲಿಟ್ಟು ಓಡಿದ.

ಬೆಟ್ಟದ ನೀರನ್ನು ಗೋಡೆ ಬೆಳಗಿನಿಂದ ತಡೆದು ನಿಲ್ಲಿಸಿತ್ತಂತೆ. ತಡೆಯದೆ ಇದ್ದಿದ್ದರೆ ನೀರು ಎಂದಿನ ದಾರಿಯಲ್ಲಿ ಹರಿದುಹೋಗುತ್ತಿತ್ತು. ಒಮ್ಮೆಗೇ ಒಡೆದಾಗ ಅಷ್ಟೂ ನೀರು, ಅಷ್ಟೂ ಕಲ್ಲು, ನಾವು ತುಂಬಿದ ಅಷ್ಟೂ ಮಣ್ಣು, ವರಾಂಡ, ಎಲ್ಲ ಸೇರಿ ಕೆಳಗಿಳಿದವು. ಆರ್ಡೆಲ್ಲಾಳ ಮನೆಯಿದ್ದ ಜಾಗದಲ್ಲಿ ಮೆಟ್ಟಿಲು ಮಾತ್ರ ಉಳಿದಿತ್ತು. ಆಕೆ ಮರುದಿನ ಸಮುದ್ರದಂಡೆಯಲ್ಲಿ ಸಿಕ್ಕಳು.

ಮಣ್ಣು ಮಾಡುವಾಗ ಹ್ಯೂಬರ್ಟ್ ಎಲ್ಲರ ಹಿಂದೆ, ಗೋರಿಗಳ ನಡುವೆ ಟೋಪಿ ಹಿಡಿದು ನಿಂತಿದ್ದ. ಪೆಟ್ಟಿಗೆ ಇಳಿಸುವ ಹೊತ್ತಿಗೆ ಆಲ್ಫರ್ಡ್ ಹಗ್ಗದ ಒಂದು ತುದಿ ಹಿಡಿದುಕೊಂಡು ಅವನ ಹತ್ತಿರವೇ ನಡೆದು ಬಂದ.

"ಮಿಸ್ಟರ್ ಹ್ಯೂಬರ್ಟ್, ಮುಂದೆ ಬನ್ನಿ. ಇದನ್ನೂ ನೀವು ಹಿಡೀಬೇಕು."

ಹ್ಯೂಬರ್ಟ್ ಹಿಡಿದ.

ವಿಚಾರಣೆಯಲ್ಲಿ ಅವನು ಏನನ್ನೂ ಬಚ್ಚಿಡಲಿಲ್ಲ. ನಕ್ಷೆ ನನ್ನದು, ಹಟವೂ ನನ್ನದು, ಮೇಸ್ತ್ರಿ ನಾನು ಹೇಳಿದ್ದನ್ನಷ್ಟೇ ಮಾಡಿದ ಎಂದ. ಮೇಸ್ತ್ರಿ ಮೊದಲೇ ಎಚ್ಚರಿಸಿರಲಿಲ್ಲವೇ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ನನಗೆ ಯಾರೂ ಎಚ್ಚರಿಕೆ ಕೊಡಲಿಲ್ಲ ಎಂದ ಹ್ಯೂಬರ್ಟ್. ಅದು ನಿಜ. ಆಲ್ಫರ್ಡನನ್ನು ಕೇಳಿದರು. ಅವನು ನನ್ನ ಕಡೆ ಒಮ್ಮೆ ನೋಡಿ, ತನಗೆ ಹೇಳುವುದೇನೂ ಇಲ್ಲ ಎಂದ.

ಈಗ ದಿನವೂ ತಿಂಡಿ ತಿಂದು ಹ್ಯೂಬರ್ಟ್ ಗುದ್ದಲಿ ತೆಗೆದುಕೊಂಡು ಹಳ್ಳಕ್ಕೆ ಇಳಿಯುತ್ತಾನೆ. ಉಳಿದ ಮಣ್ಣನ್ನು ತೆಗೆದು ಹಳ್ಳವನ್ನು ಮೊದಲಿನಂತೆ ಮಾಡುತ್ತಾನಂತೆ. ಅರವತ್ತೆಂಟು ವರ್ಷದವನು. ಬೇಡ ಎಂದರೆ, ನೀನು ಒಳಗೆ ಹೋಗು ನೆಸ್ಟಾ, ಇದರಲ್ಲಿ ನಿನ್ನದೇನಿದೆ ಎನ್ನುತ್ತಾನೆ.

ದೇವರು ನಿನ್ನನ್ನೂ ನಿನ್ನ ಮಕ್ಕಳು ಮರಿಗಳನ್ನೂ ಚೆನ್ನಾಗಿಟ್ಟಿರಲಿ. ನಮಗಾಗಿ ಪ್ರಾರ್ಥಿಸು, ಅವನಿಗಾಗಿ ಹೆಚ್ಚು.

ನಿನ್ನ
ನೆಸ್ಟಾ

ತಾ.ಕ.: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿದ್ದೇನೆ.

ಆಗಸ್ಟಿನ ಮೊದಲ ವಾರ ಹ್ಯೂಬರ್ಟ್ ಕಣ್ಣು ತೋರಿಸಲು ನಾಲ್ಕು ದಿನ ಆಂಟಿಗಾಕ್ಕೆ ಹೋಗಿದ್ದ. ಗೋಡೆ ಆಗಿನ್ನೂ ಸೊಂಟದ ಮಟ್ಟದಲ್ಲಿತ್ತು. ಆಲ್ಫರ್ಡ್ ಹಿಂಬಾಗಿಲಿಗೆ ಬಂದು ಟೋಪಿ ತೆಗೆದು ನಿಂತ. "ಮಿಸ್ ನೆಸ್ಟಾ, ಬುಡದಲ್ಲಿ ಮೂರು ಕಿಂಡಿ ಬಿಡ್ತೀನಿ, ಪೀಪಾಯಿ ತೂರೋವಷ್ಟು ಅಗಲ. ಕೂಲಿ ಬೇಡ. ವರಾಂಡದ ಕೆಳಗಿಂದ ನೀರಿಗೊಂದು ದಾರಿ ಮಾಡಿಕೊಡ್ತೀನಿ. ಅವರಿಗೆ ಆಮೇಲೆ ನಾನೇ ಹೇಳ್ಕೋತೀನಿ. ನೀವೊಂದು ಹೂಂ ಅನ್ನಿ ಸಾಕು" ಎಂದ. ಯಾಕೆ ಎಂದು ನಾನು ಕೇಳಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು.

ಅವನ ಅತ್ತೆಯ ಆಡುಗಳು ಎರಡು ಸಲ ಹಳ್ಳದ ದಾರಿಯಲ್ಲೇ ಮೇಲೆ ಬಂದು ನನ್ನ ಗುಲಾಬಿ ಗಿಡಗಳನ್ನು ಬುಡದವರೆಗೆ ಮೇದಿದ್ದವು. ಆ ಕಿಂಡಿಗಳಲ್ಲಿ ಆಡು ತೂರಿ ಬರುವುದಿಲ್ಲವೇ ಎಂದು ಕೇಳಿದೆ. ಬರಬಹುದು ಎಂದ.

"ಹಾಗಾದ್ರೆ ಬೇಡ, ಆಲ್ಫರ್ಡ್" ಎಂದೆ.

ಹ್ಯೂಬರ್ಟನಿಗೆ ಇದು ಗೊತ್ತಿಲ್ಲ. ಡಿಸೆಂಬರ್ ಹದಿನಾಲ್ಕಕ್ಕೆ ಅವನು ಮತ್ತೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕು. ಅಷ್ಟರಲ್ಲಿ ಹೇಳಬೇಕೆಂದು ಪ್ರತಿದಿನ ಚಹಾ ಹಿಡಿದು ಹಳ್ಳದವರೆಗೂ ಹೋಗುತ್ತೇನೆ. ಅವನು ಕುಡಿದು, ಲೋಟ ನನ್ನ ಕೈಗೆ ಕೊಟ್ಟು, ನೀನಿಲ್ಲದಿದ್ದರೆ ನನ್ನ ಗತಿಯೇನಾಗುತ್ತಿತ್ತು ಎನ್ನುತ್ತಾನೆ.